ಪದಚರ್ಚೆ: ಪ್ಲಗ್, ಪಿನ್, ಸಾಕೆಟ್ – ಯಾವುದನ್ನು ಏನೆಂದು ಕರೆಯೋಣ?

ಮಾನ್ಯರೇ,

ಶಿವಮೊಗ್ಗದ ಹತ್ತಿರ ಕಾಳುಮೆಣಸು ಬಿಡಿಸುವ ಸಣ್ಣ ಯಂತ್ರಗಳನ್ನು ತಯಾರಿಸುವ ವರ್ಕ್‌ಶಾಪ್ ಒಂದರಲ್ಲಿ ಖರೀದಿಯ ಪಟ್ಟಿಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಮಲೇಷ್ಯಾಕ್ಕೆ ಹೋಗಬೇಕಿದ್ದ ಯಂತ್ರಗಳಿಗಾಗಿ ಕಳೆದ ತಿಂಗಳು ‘ಮಲೇಷ್ಯಾ ಮಾದರಿಯ 13 ಆಂಪಿಯರ್ ಪ್ಲಗ್, 20’ ಎಂದು ಬರೆದು ಕಳಿಸಿದೆ. ಬಂದವು ಗೋಡೆಗೆ ಕೂರಿಸುವ ಸಾಕೆಟ್‌ಗಳು. ಇದನ್ನು ಅಂಗಡಿಯವರ ತಪ್ಪೆನ್ನಲಾರೆ. ನಮ್ಮ ಕಡೆ ‘ಪ್ಲಗ್ಗಿಗೆ ಹಾಕು’ ಎಂದರೆ ಗೋಡೆಯಲ್ಲಿರುವುದಕ್ಕೆ ಹಾಕು ಎಂದೇ ಅರ್ಥ, ಅದರೊಳಕ್ಕೆ ಹೋಗುವುದು ‘ಪಿನ್’. ಆದರೆ ಅದರ ಒಂದೊಂದು ಹಿತ್ತಾಳೆಯ ಕಡ್ಡಿಯೂ ಪಿನ್ನೇ ಆಗಿರುವುದರಿಂದ, ‘ಮೂರು ಪಿನ್ ಕೊಡಿ’ ಎಂದಾಗ ಮೂರು ಕಡ್ಡಿಗಳಿರುವ ಒಂದನ್ನೋ, ಮೂರು ಬಿಡಿ ವಸ್ತುಗಳನ್ನೋ ಎಂಬುದು ಕೇಳುವವನ ಮುಖ ನೋಡಿಯೇ ತಿಳಿಯಬೇಕು.

ಊರೊಳಗಿನ ವ್ಯವಹಾರಕ್ಕೆ ಇಷ್ಟು ಸಾಕಾಗುತ್ತಿತ್ತು. ನಮ್ಮ ಐಎಸ್ 1293 ಮಾನಕದಲ್ಲಿ 6 ಮತ್ತು 16 ಆಂಪಿಯರಿನ ದುಂಡು ಪಿನ್ನುಗಳಿವೆ. ಮಲೇಷ್ಯಾದವರು ಬಳಸುವ ಬ್ರಿಟಿಷ್ ಬಿಎಸ್ 1363ರಲ್ಲಿ ಪಿನ್ನುಗಳು ಚಪ್ಪಟೆಯಾಗಿದ್ದು, ಪ್ಲಗ್ಗಿನ ಒಳಗೇ ಒಂದು ಫ್ಯೂಸ್ ಕೂಡ ಇರುತ್ತದೆ. ಬೇರೆ ದೇಶದ ವಸ್ತುವನ್ನು ಹೇಳಿ ಮಾಡಿಸುವಾಗ ಪ್ರತಿ ಭಾಗಕ್ಕೂ ಬೇರೆಯದೇ ಹೆಸರು ಬೇಕಾಗುತ್ತದೆ.

ಪ್ಲಗ್ಗಿಗೆ ‘ಬಿರಡೆ’, ಸಾಕೆಟ್‌ಗೆ ‘ಗುಳಿ’ ಎಂದರೆ ಹೇಗೆ? ವೀಣೆಯ ಬಿರಡೆ, ಸೀಸೆಯ ಬಿರಡೆ, ಅಳಗುಳಿಮಣೆಯ ಗುಳಿ ನಮಗೆ ಹೊಸವಲ್ಲ. ಬಿರಡೆ ಮುಚ್ಚುವ ವಸ್ತು, ಪ್ಲಗ್ ವಿದ್ಯುತ್ತನ್ನು ಹರಿಯಬಿಡುವ ವಸ್ತು ಎಂಬ ಆಕ್ಷೇಪ ಬರಬಹುದು; ಆದರೆ ಇಂಗ್ಲಿಷಿನ ಪ್ಲಗ್ ಪದಕ್ಕೂ ಮೊದಲಿದ್ದ ಅರ್ಥ ತೂತು ಮುಚ್ಚುವುದು ಎಂಬುದೇ. ಜರ್ಮನರು ತಮ್ಮ 16 ಆಂಪಿಯರ್ ಮಾದರಿಗೆ, ರಕ್ಷಣೆ ಮತ್ತು ಸಂಪರ್ಕ ಎಂಬ ತಮ್ಮದೇ ಎರಡು ಮಾತುಗಳನ್ನು ಮೊಟಕುಗೊಳಿಸಿ ‘ಶುಕೊ’ ಎಂದು ಹೆಸರಿಟ್ಟುಕೊಂಡಿದ್ದಾರೆ.

ನಾನು ಸಿಕ್ಕಿಬಿದ್ದಿರುವುದು ವೈರಿನ ಇನ್ನೊಂದು ತುದಿಯಲ್ಲಿ. ಕಂಪ್ಯೂಟರಿಗೆ ಸಿಕ್ಕಿಸುವಂಥ ಆ ತುದಿಗೆ ಅಂತಾರಾಷ್ಟ್ರೀಯ ಮಾನಕದಲ್ಲಿ ಸಿ13 ಎಂದೂ, ಯಂತ್ರದ ಮೈಯಲ್ಲಿ ಅದನ್ನು ಒಳಗೊಳ್ಳುವ ಭಾಗಕ್ಕೆ ಸಿ14 ಎಂದೂ ಹೆಸರು. ಸಿ14 ನೋಡಲು ಗುಳಿ, ಅದರ ಆಳದಲ್ಲಿ ನಿಂತಿರುವುದು ಮೂರು ಪಿನ್ನು. ಕೆಲಸಗಾರರು ಅದನ್ನೂ ‘ಸಾಕೆಟ್’ ಎನ್ನುತ್ತಾರೆ. ವಿದ್ಯುತ್ ಕೊಡುವ ಕಡೆ ಯಾವಾಗಲೂ ತೂತೇ ಇರಬೇಕು, ಪಡೆಯುವ ಕಡೆ ಪಿನ್ನಿರಬೇಕು. ಇದು ತಿರುವುಮುರುವಾದರೆ ವಿದ್ಯುತ್ ಇರುವ ಪಿನ್ನು ಕೈಗೆ ತಗುಲುತ್ತದೆ. ಆದ್ದರಿಂದ ಆಕಾರವನ್ನಲ್ಲ, ಕೊಡುವ ಮತ್ತು ಪಡೆಯುವ ಕ್ರಿಯೆಯನ್ನು ನೋಡಿ ಹೆಸರಿಡುವುದೇ ಸರಿಯೆಂದು ನನ್ನ ಭಾವನೆ. ಹಾಗೆ ನೋಡಿದರೆ ಸಿ13 ಗುಳಿಯಾಗುತ್ತದೆ, ಸಿ14 ಬಿರಡೆಯಾಗುತ್ತದೆ. ಆದರೆ ಹಳ್ಳವನ್ನು ತೋರಿಸಿ ಬಿರಡೆ ಎಂದರೆ ಕೆಲಸಗಾರರು ಒಪ್ಪುವರೇ?

ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಈ ಎರಡು ಭಾಗಗಳಿಗೆ ಬೇರೆ ಮಾತುಗಳಿದ್ದರೆ ದಯವಿಟ್ಟು ತಿಳಿಸಿ. ‘ಬಿರಡೆ’ ಎಂಬುದು ವೀಣೆ ಮತ್ತು ಸೀಸೆಗಳಲ್ಲದೆ ಬೇರೆ ಯಾವುದಕ್ಕಾದರೂ ನಿಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆಯೇ ಎಂಬುದನ್ನೂ ಬರೆಯಬೇಕಾಗಿ ಕೋರುತ್ತೇನೆ.