‘ಉಳಿಸಿದೆ, ಆದ್ರೆ ಉಳೀಲಿಲ್ಲ’: ಫಾರಂ ಬದಲಾವಣೆಗೆ ಯಾವ ಪದ?

ಗೆಳೆಯರೇ, ಒಂದು ಪದದ ತಕರಾರು ತಂದಿದ್ದೇನೆ. ಮೊದಲು ಕಥೆ ಕೇಳಿ, ಆಮೇಲೆ ಪ್ರಶ್ನೆ.

ನಮ್ಮ ಕಡೆ ಒಂದು ಸಣ್ಣ ಸಹಕಾರ ಸಂಘ ಇದೆ. ಸದಸ್ಯರ ಲೆಕ್ಕವೆಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ. ವಿವರ ತುಂಬುವ ಪರದೆಗೆ ಅದರಲ್ಲಿ ಫಾರಂ ಅನ್ನುತ್ತಾರೆ, ತುಂಬಿದ್ದು ಹೋಗಿ ಕೂರುವ ಪಟ್ಟಿಗೆ ಟೇಬಲ್. ಮೂರು ಕಂಪ್ಯೂಟರ್, ಮೂರಕ್ಕೂ ಸೇರಿ ಶೇರ್ಡ್ ಫೋಲ್ಡರಿನಲ್ಲಿ ಒಂದೇ ಫೈಲು. ಏನಾದರೂ ಕೈಕೊಟ್ಟರೆ ನನಗೆ ಫೋನ್. ಹೋದ ತಿಂಗಳು ಅಲ್ಲಿನ ಕ್ಲರ್ಕ್ ಮೇಡಂ ಫೋನ್ ಮಾಡಿ, “ಸರ್, ಫಾರಂ ಉಳಿಸಿದೆ, ಆದ್ರೆ ಉಳೀತಾ ಇಲ್ಲ” ಅಂದರು.

ಎದೆ ಧಸಕ್ಕೆಂದಿತು. ಯಾರೋ ಸದಸ್ಯರ ವಿವರ ತುಂಬಿದ್ದಾರೆ, ಅದು ಹೋಗಿಬಿಟ್ಟಿದೆ ಅಂತ ತಿಳಿದೆ. “ಸಾಲಿನ ಎಡಗಡೆ ಪೆನ್ಸಿಲ್ ಗುರುತು ಇದೆಯಾ ನೋಡಿ, ಇದ್ದರೆ ಅದಿನ್ನೂ ಒಳಗೆ ಹೋಗಿಲ್ಲ, ಮುಂದಿನ ಸಾಲಿಗೆ ಹೋದರೆ ಸಾಕು” ಅಂದೆ. ಪೆನ್ಸಿಲ್ ಇರಲಿಲ್ಲ. ಟೇಬಲ್ ತೆರೆಸಿದೆ, ಹೆಸರು ಹುಡುಕಿಸಿದೆ, ಅಷ್ಟರಲ್ಲಿ ಅರ್ಧ ಗಂಟೆ ಆಯಿತು. ಕೊನೆಗೆ ಅವರೇ, “ಹೆಸರೆಲ್ಲ ಇವೆ ಸರ್, ವಿಳಾಸದ ಚೌಕ ದೊಡ್ಡದು ಮಾಡಿದ್ನಲ್ಲ, ಅದು ಮತ್ತೆ ಚಿಕ್ಕದಾಗಿದೆ” ಅಂದರು.

ಅಲ್ಲಿಗೆ ಗೊತ್ತಾಯಿತು, ಕೆಟ್ಟಿದ್ದು ಕಂಪ್ಯೂಟರಿಗಿಂತ ಮೊದಲು ನಮ್ಮಿಬ್ಬರ ಮಾತು. ತುಂಬಿದ ಫಾರಮ್ಮೂ ಫಾರಮ್ಮೇ, ಖಾಲಿ ಫಾರಮ್ಮೂ ಫಾರಮ್ಮೇ. ತುಂಬಿದ್ದನ್ನು ಇಟ್ಟುಕೊಳ್ಳುವುದೂ ಉಳಿಸುವುದು, ಚೌಕ ಹಿಗ್ಗಿಸಿದ್ದನ್ನು ಇಟ್ಟುಕೊಳ್ಳುವುದೂ ಉಳಿಸುವುದು. ಆದರೆ ಆಕ್ಸೆಸ್‌ಗೆ ಇವೆರಡೂ ಬೇರೆ ಬೇರೆ ಕೆಲಸ. ತುಂಬಿದ ಸಾಲು, ನೀವು ಪಕ್ಕದ ಸಾಲಿಗೆ ಹೋದ ಕೂಡಲೇ ತಾನಾಗಿಯೇ ಒಳಗೆ ಸೇರುತ್ತದೆ, ಯಾರೂ ಏನೂ ಒತ್ತಬೇಕಿಲ್ಲ. ವಿನ್ಯಾಸ ಹಾಗಲ್ಲ. ಡಿಸೈನ್ ವ್ಯೂ ಅನ್ನುವ, ಫಾರಂ ರೂಪ ತಿದ್ದುವ ಪರದೆಗೆ ಹೋಗಿ, ಬದಲಿಸಿ, ಸೇವ್ ಒತ್ತಬೇಕು. ಒತ್ತಿದರೂ ಆ ಹೊತ್ತಿಗೆ ಫೈಲು ಒಬ್ಬರ ಕೈಯಲ್ಲೇ ಇರಬೇಕು. ಆಕ್ಸೆಸ್ 2000ರಿಂದ ಈಚೆಗೆ ಇದೇ ನಿಯಮ. ಪಕ್ಕದ ಮೇಜಿನವರು ಫೈಲು ಸುಮ್ನೆ ತೆರೆದಿಟ್ಟು ಕಾಫಿಗೆ ಹೋಗಿದ್ದರೂ ಸಾಕು, ನಿಮ್ಮ ಚೌಕ ಹಿಗ್ಗುವುದಿಲ್ಲ.

ಆಕ್ಸೆಸ್ ಮೊದಲೇ ಎಚ್ಚರಿಕೆ ಕೊಟ್ಟಿತ್ತು ಅನ್ನಿ. ನಿಮಗೆ ಈಗ ಎಕ್ಸ್‌ಕ್ಲೂಸಿವ್ ಆಕ್ಸೆಸ್ ಇಲ್ಲ (ಅಂದರೆ ಫೈಲು ನಿಮ್ಮೊಬ್ಬರ ಕೈಯಲ್ಲಿಲ್ಲ), ಮುಂದುವರಿದರೆ ಬದಲಾವಣೆ ಸೇವ್ ಆಗದೇ ಇರಬಹುದು ಅಂತ ಪರದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಬರುತ್ತದೆ. ಮೇಡಂ ಓಕೆ ಒತ್ತಿದ್ದಾರೆ. ನಾವೂ ಅಷ್ಟೇ ಅಲ್ವಾ?

ಈಗ ಅವರಿಗಾಗಿ ಕನ್ನಡದಲ್ಲಿ ಒಂದು ಪುಟದ ಚೀಟಿ ಬರೆಯಲು ಕೂತಿದ್ದೇನೆ, ಕಂಪ್ಯೂಟರಿನ ಪಕ್ಕ ಅಂಟಿಸುವುದಕ್ಕೆ. ಅಲ್ಲೇ ಸಿಕ್ಕಿಕೊಂಡಿದ್ದು.

ಮೊದಲನೆಯದು ಈ ‘ಎಕ್ಸ್‌ಕ್ಲೂಸಿವ್’. ‘ಪ್ರತ್ಯೇಕ’ ಅಂದರೆ ಬೇರೆ ಫೈಲು ಅಂದುಕೊಳ್ಳುತ್ತಾರೆ. ‘ಅನನ್ಯ’ ಹೊಗಳಿಕೆಯ ಮಾತು. ‘ಏಕಸ್ವಾಮ್ಯ’ ಅಂದರೆ ವ್ಯಾಪಾರದ ವಿಷಯ. ‘ಒಬ್ಬರೇ ತೆರೆದಿರುವಾಗ’ ಅಂತ ಬಿಡಿಸಿ ಬರೆಯುವುದೇ ಸರಿ ಅನಿಸುತ್ತದೆ. ಓಪನ್ ಬಟನ್ನಿನ ಪಕ್ಕದ ಬಾಣ ಒತ್ತಿದರೆ ಬರುವ ‘ಓಪನ್ ಎಕ್ಸ್‌ಕ್ಲೂಸಿವ್’ಗೆ ‘ಒಬ್ಬರೇ ತೆರೆಯಿರಿ’ ಅಂದರೆ ಆಯಿತು. ಪದವೇ ಬೇಕು ಅಂತ ಹಟ ಯಾಕೆ?

ಇನ್ನೊಂದು ‘ಲಾಕ್ ಫೈಲ್’. ಫೈಲು ತೆರೆದರೆ ಪಕ್ಕದಲ್ಲೇ, ಹೆಸರಿನ ಕೊನೆಗೆ ಎಲ್ಎಸಿಸಿಡಿಬಿ (.laccdb) ಅನ್ನುವ ಬಾಲವಿರುವ ಸಣ್ಣ ಫೈಲೊಂದು ಹುಟ್ಟುತ್ತದೆ. ಇದಕ್ಕೆ ‘ಬೀಗ’ ಅಂದರೆ ತಪ್ಪು ಅನ್ನುತ್ತೇನೆ ನಾನು. ಬೀಗ ಹೊರಗಿನಿಂದ ಹಾಕುವುದು, ಒಳಗೆ ಯಾರೂ ಇಲ್ಲ ಅನ್ನುವುದಕ್ಕೆ ಗುರುತು. ಇದು ಒಳಗೆ ಜನ ಇದ್ದಾರೆ ಅನ್ನುವುದಕ್ಕೆ ಗುರುತು. ‘ಚಿಲಕ’ ಅನ್ನೋಣ ಅಂದರೆ ಚಿಲಕ ಹಾಕಿದರೆ ಇನ್ನೊಬ್ಬರು ಒಳಗೆ ಬರುವಂತಿಲ್ಲ, ಇಲ್ಲಿ ಬರಬಹುದು. ಸರಿಯಾಗಿ ಹೋಲುವುದು ಬಾಗಿಲ ಹೊರಗೆ ಬಿಟ್ಟ ಚಪ್ಪಲಿ. ಯಾರೋ ಒಳಗಿದ್ದಾರೆ ಅಂತ ತಿಳಿಯುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾವ ಕಂಪ್ಯೂಟರ್ ಅನ್ನುವ ಹೆಸರೂ ಕಾಣುತ್ತದೆ, ಎದ್ದು ಹೋದವರ ಹೆಸರೂ ಕೆಲವೊಮ್ಮೆ ಹಾಗೇ ಇರುತ್ತದೆ. ಕೊನೆಯವರು ಹೊರಟಾಗ ಮಾಯ. ಕರೆಂಟು ಹೋಗಿ ಕಂಪ್ಯೂಟರ್ ಆರಿದರೆ ಮಾತ್ರ ಚಪ್ಪಲಿ ಅಲ್ಲೇ ಉಳಿದುಬಿಡಬಹುದು, ಒಳಗೆ ಯಾರೂ ಇಲ್ಲದಿದ್ದರೂ. ‘ಚಪ್ಪಲಿ ಫೈಲು’ ಅಂತ ಬರೆದರೆ ಸಂಘದ ಅಧ್ಯಕ್ಷರು ಒಪ್ಪುತ್ತಾರಾ ಗೊತ್ತಿಲ್ಲ.

ನಿಜವಾದ ತಲೆನೋವು ‘ಉಳಿಸು’ದು. ಕಲಿ-ಕಲಿಸು, ತಿಳಿ-ತಿಳಿಸು ಇದ್ದ ಹಾಗೆ ಉಳಿ-ಉಳಿಸು. ಉಳಿಸುವುದು ನಮ್ಮ ಪ್ರಯತ್ನ, ಉಳಿಯುವುದು ಅದರ ಪಾಡು. ಮೇಡಂ ಹೇಳಿದ ಮಾತಿನಲ್ಲಿ ಇವೆರಡೂ ಎಷ್ಟು ಚೆಂದ ಬೇರೆಯಾಗಿವೆ ನೋಡಿ, ಇಂಗ್ಲಿಷಿನಲ್ಲಿ ಎರಡೂ ಕಡೆ ಸೇವ್ ಅಂತಲೇ ತಿಣುಕಬೇಕು. ಇದರ ಜೊತೆಗೆ ‘ಅಳಿ-ಅಳಿಸು’ ಅನ್ನುವ ಜೋಡಿಯೂ ಇದೆ. ಆಮೇಲೆ ನಾನು ಫೈಲನ್ನು ಎರಡು ಭಾಗ ಮಾಡಿದೆ: ಟೇಬಲ್‌ಗಳು ಶೇರ್ಡ್ ಫೋಲ್ಡರಿನಲ್ಲಿ, ಫಾರಂಗಳ ಪ್ರತಿ ಒಂದೊಂದು ಕಂಪ್ಯೂಟರಿನಲ್ಲಿ. ದಿನಾ ಬೆಳಗ್ಗೆ ಫಾರಂಗಳ ಮೂಲ ಪ್ರತಿ ತಾನಾಗಿಯೇ ಬಂದು ಹಳೆಯದರ ಮೇಲೆ ಕೂರುವ ಹಾಗೂ ಮಾಡಿದೆ. ಮೇಡಂ ತಮ್ಮ ಪ್ರತಿಯಲ್ಲೇ ಚೌಕ ಹಿಗ್ಗಿಸಿದರು. ಉಳಿಸಿದರು, ಸಂಜೆವರೆಗೂ ಉಳಿಯಿತು, ಬೆಳಗ್ಗೆ ಅಳಿಯಿತು. ತಪ್ಪು ನನ್ನದೇ, ಮೂಲ ಪ್ರತಿಯಲ್ಲಿ ಬದಲಿಸಿ ಅಂತ ಹೇಳಿರಲಿಲ್ಲ. (ಅಳಿಸು ಅಂದರೆ ಒರೆಸು, ಅಳುವ ಹಾಗೆ ಮಾಡು ಎರಡೂ ಆಗುತ್ತದೆ, ಅವತ್ತು ಎರಡೂ ಆಯಿತು.)

ಹಾಗಾಗಿ ತುಂಬಿದ್ದಕ್ಕೂ ವಿನ್ಯಾಸಕ್ಕೂ ಬೇರೆ ಬೇರೆ ಮಾತು ಬೇಕು. ‘ನಮೂನೆ’ ಒಂದು ದಾರಿ. ಮತದಾರರ ಪಟ್ಟಿಗೆ ಸೇರಲು ನಮೂನೆ 6 ಅನ್ನುವಾಗ ಅದು ಮೊದಲು ಖಾಲಿ ಕಾಗದವೇ, ವಿನ್ಯಾಸಕ್ಕೆ ಹೊಂದುತ್ತದೆ. ಆದರೆ ಧಾರವಾಡದ ಕಡೆಯವರು “ಒಂದ್ ನಮೂನಿ ಆಗೇತಿ” ಅನ್ನುವುದು ಕಿವಿಯಲ್ಲಿದೆ, ನಗು ಬರುತ್ತದೆ. ನನಗೆ ಹಿಡಿಸಿದ್ದು ಹಳೇ ಲೆಡ್ಜರಿನ ಮಾತು. ಆಗ ಮೊದಲು ಸ್ಕೇಲ್ ಇಟ್ಟು ಗೀಟು ಹಾಕುತ್ತಿದ್ದರು, ಆಮೇಲೆ ಬರೆಯುತ್ತಿದ್ದರು. ಗೀಟು ಬೇರೆ, ಬರಹ ಬೇರೆ, ಯಾರಿಗೂ ಗೊಂದಲವಿಲ್ಲ. ಇನ್ನೊಬ್ಬರು ಪುಸ್ತಕದಲ್ಲಿ ಬರೆಯುತ್ತಾ ಕೂತಿರುವಾಗ ಯಾರೂ ಗೀಟು ಹಾಕಲು ಹೋಗುತ್ತಿರಲಿಲ್ಲ.

ಸದ್ಯಕ್ಕೆ ಚೀಟಿಯಲ್ಲಿ ಹೀಗಿದೆ: “ಸದಸ್ಯರ ವಿವರ ತಾನಾಗಿ ಸೇರುತ್ತದೆ. ಫಾರಂ ಗೀಟು ಬದಲಿಸುವುದಾದರೆ ಮೂಲ ಪ್ರತಿ ಬೇರೆಯವರಲ್ಲಿ ತೆರೆದಿದ್ದರೆ ಅವರು ಮುಚ್ಚಲಿ, ಅದನ್ನು ಒಬ್ಬರೇ ತೆರೆದು ಬದಲಿಸಿ, ಉಳಿಸಿ, ಮುಚ್ಚಿ ಮತ್ತೆ ತೆರೆದು ಉಳಿದಿದೆಯಾ ನೋಡಿ.” ಮೇಡಂಗೆ ಅರ್ಥವಾಯಿತು. ಹೊಸದಾಗಿ ಸೇರಿದ ಹುಡುಗ ಮಾತ್ರ ಗೀಟು ಅಂತ ಓದಿ, ಸ್ಕೇಲ್ ಎಲ್ಲಿ ಸರ್ ಅಂತ ಕೇಳಿದ.

ನಿಮ್ಮ ಕಡೆ ಆಫೀಸುಗಳಲ್ಲಿ ಖಾಲಿ ಫಾರಮ್ಮಿಗೂ ತುಂಬಿದ ಫಾರಮ್ಮಿಗೂ ಬೇರೆ ಹೆಸರು ಓಡಾಡುತ್ತದೆಯೇ? ಪುಸ್ತಕದ ಪದ ಬೇಡ, ಬಾಯಲ್ಲಿರುವುದು ಹೇಳಿ.