ಥ್ರೆಡ್ ಪೂಲ್‌ನ ಗರಿಷ್ಠ ಮಿತಿ 100 ಇದ್ದರೂ ಥ್ರೆಡ್‌ಗಳು 20ರ ಮೇಲೆ ಏಕೆ ಏರುತ್ತಿಲ್ಲ?

ಪ್ರಶ್ನೆ (ಬಾಗಲಕೋಟೆ):
ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಜಾವಾದಲ್ಲಿ ತಂತ್ರಾಂಶ ಬರೆದಿದ್ದೇವೆ. ವೇಬ್ರಿಡ್ಜ್‌ನ ತೂಕದ ಚೀಟಿ ಸಿದ್ಧಪಡಿಸುವುದಕ್ಕೂ ಕಬ್ಬಿನ ಬಿಲ್ ಆದ ದಿನ ಸಾವಿರಾರು ರೈತರಿಗೆ ಎಸ್‌ಎಂಎಸ್ ಕಳಿಸುವುದಕ್ಕೂ ಒಂದೇ ಥ್ರೆಡ್‌ಪೂಲ್‌ಎಕ್ಸಿಕ್ಯೂಟರ್ (ಕೆಲಸಗಳನ್ನು ಒಂದಿಷ್ಟು ಥ್ರೆಡ್‌ಗಳಿಗೆ, ಅಂದರೆ ಏಕಕಾಲಕ್ಕೆ ಓಡುವ ಕಾರ್ಯಧಾರೆಗಳಿಗೆ, ಹಂಚುವ ಜಾವಾದ ಸಾಧನ) ಬಳಸುತ್ತೇವೆ; ಕೋರ್ (ಮೂಲ ಥ್ರೆಡ್‌ಗಳ ಸಂಖ್ಯೆ) 20, ಗರಿಷ್ಠ 100, ಸರತಿಗೆ ಮಿತಿ ಕೊಡದ ಲಿಂಕ್ಡ್‌ಬ್ಲಾಕಿಂಗ್‌ಕ್ಯೂ. ಬಿಲ್ಲಿನ ದಿನ ಚೀಟಿ ಬರುವುದು ತಡವಾಗಿ ಗೇಟಿನಲ್ಲಿ ಟ್ರ್ಯಾಕ್ಟರ್‌ಗಳು ನಿಲ್ಲುತ್ತವೆ. ಸಿಪಿಯು ಬಿಡುವಾಗಿದ್ದರೂ ಥ್ರೆಡ್‌ಗಳು 20ರಲ್ಲೇ ಇರುತ್ತವೆ. ಕಾರಣವೇನು?

ಉತ್ತರ (ಬೆಳಗಾವಿ):
ಇದು ದೋಷವಲ್ಲ, ಅದರ ನಿಯಮವೇ ಹಾಗಿದೆ. ಕೋರ್ ಸಂಖ್ಯೆ ತುಂಬುವವರೆಗೆ ಪ್ರತಿ ಕೆಲಸಕ್ಕೂ ಹೊಸ ಥ್ರೆಡ್ ಹುಟ್ಟುತ್ತದೆ. ನಂತರ ಬಂದ ಕೆಲಸ ಸರತಿಗೆ ಸೇರುತ್ತದೆ. ಸರತಿ ತುಂಬಿದರೆ ಮಾತ್ರ 21ನೆಯ ಥ್ರೆಡ್ ಹುಟ್ಟುತ್ತದೆ. ಮಿತಿ ಕೊಡದ ಲಿಂಕ್ಡ್‌ಬ್ಲಾಕಿಂಗ್‌ಕ್ಯೂ 2147483647 ಕೆಲಸಗಳನ್ನು ಹಿಡಿಯಬಲ್ಲದಾದ್ದರಿಂದ, ಅದು ತುಂಬುವ ಮೊದಲೇ ಮೆಮೊರಿ ಮುಗಿದಿರುತ್ತದೆ. ಸರತಿಗೆ 500ರ ಮಿತಿ ಕೊಟ್ಟರೆ, 500 ಕಾಯುತ್ತಿರುವಾಗ ಥ್ರೆಡ್‌ಗಳು 100ರವರೆಗೆ ಏರುತ್ತವೆ, ಅದಕ್ಕೂ ಮೀರಿ ಬಂದ ಕೆಲಸ ತಿರಸ್ಕೃತವಾಗುತ್ತದೆ.

ಉತ್ತರ (ವಿಜಯಪುರ):
ಮೇಲಿನ ವಿವರಣೆ ಸರಿ, ಆದರೆ ಥ್ರೆಡ್ ಏರಿಸುವುದು ಇಲ್ಲಿ ಮದ್ದಲ್ಲ. ಡೇಟಾಬೇಸ್ ಸಂಪರ್ಕಗಳನ್ನು ಹಂಚುವ ಹಿಕಾರಿಸಿಪಿ ಲೈಬ್ರರಿ ಬಳಸುತ್ತಿದ್ದು ಅದರ ಮಿತಿಯನ್ನು ಬದಲಿಸದಿದ್ದರೆ ಡೇಟಾಬೇಸ್ ಸಂಪರ್ಕಗಳು ಇರುವುದೇ 10. ಉಳಿದ 90 ಥ್ರೆಡ್‌ಗಳು ಅದರ ಬಾಗಿಲಲ್ಲಿ ಕಾಯುತ್ತವೆ. ನಿಜವಾದ ತೊಡಕೆಂದರೆ ಅವಸರದ ಚೀಟಿಯೂ ಅವಸರವಿಲ್ಲದ ಎಸ್‌ಎಂಎಸ್ಸೂ ಒಂದೇ ಸರತಿಯಲ್ಲಿ ನಿಂತಿರುವುದು. ಚೀಟಿಗೆ ಸಣ್ಣದೊಂದು ಪ್ರತ್ಯೇಕ ಪೂಲ್ ಕೊಡಿ. ಎಸ್‌ಎಂಎಸ್ ಪೂಲ್‌ಗೆ ಮಿತಿಯುಳ್ಳ ಸರತಿಯ ಜೊತೆ ಕಾಲರ್‌ರನ್ಸ್‌ಪಾಲಿಸಿ ಇಟ್ಟರೆ, ಸರತಿ ತುಂಬಿದಾಗ ಕೆಲಸ ಒಪ್ಪಿಸುವ ಲೂಪೇ ಆ ಎಸ್‌ಎಂಎಸ್ ಕಳಿಸಬೇಕಾಗಿ ಬಂದು, ತಾನಾಗಿಯೇ ನಿಧಾನವಾಗುತ್ತದೆ. ಚೀಟಿಯ ಪೂಲ್‌ಗೆ ಮಾತ್ರ ಈ ನೀತಿ ಬೇಡ. ಅಲ್ಲಿ ತಿರಸ್ಕಾರ ತಕ್ಷಣ ಗೊತ್ತಾಗುವುದೇ ಲೇಸು. ಇನ್ನೊಂದು ಮಾತು: ಸಬ್ಮಿಟ್ ಮೂಲಕ ಒಪ್ಪಿಸಿದ ಕೆಲಸದ ಎಕ್ಸೆಪ್ಶನ್ (ನಡುವೆ ಎದ್ದ ದೋಷ), ಸಬ್ಮಿಟ್ ಹಿಂದಿರುಗಿಸುವ ಫ್ಯೂಚರ್ ಮೇಲೆ ಗೆಟ್ ಕರೆಯದಿದ್ದರೆ ಲಾಗ್‌ನಲ್ಲಿ ಸುಳಿಯುವುದೂ ಇಲ್ಲ.

ಪ್ರಶ್ನೆ ಕೇಳಿದವರು:
ಪೂಲ್ ಬೇರ್ಪಡಿಸುತ್ತೇವೆ. ಜಾವಾ 21ರ ವರ್ಚುವಲ್ ಥ್ರೆಡ್ (ಜಾವಾ ತಾನೇ ನಿರ್ವಹಿಸುವ ಹಗುರ ಥ್ರೆಡ್) ಬಳಸಿದರೆ ಈ ಲೆಕ್ಕಾಚಾರವೇ ಬೇಡವಾಗುತ್ತದೆಯೇ?

ಉತ್ತರ (ಬೆಳಗಾವಿ):
ಥ್ರೆಡ್‌ಗಳ ಲೆಕ್ಕ ಬೇಡವಾಗುತ್ತದೆ, ಮಿತಿಯ ಲೆಕ್ಕ ಬೇಕೇ ಬೇಕು. ವರ್ಚುವಲ್ ಥ್ರೆಡ್‌ಗಳನ್ನು ಪೂಲ್ ಮಾಡಬಾರದು, ಕೆಲಸಕ್ಕೊಂದರಂತೆ ಹುಟ್ಟಿಸಬೇಕು. ಎಸ್‌ಎಂಎಸ್ ಗೇಟ್‌ವೇ ಏಕಕಾಲಕ್ಕೆ ಎಷ್ಟು ಕೋರಿಕೆ ತಾಳುತ್ತದೋ ಅಷ್ಟೇ ಪರ್ಮಿಟ್‌ಗಳ ಸೆಮಾಫೋರ್ (ಪರ್ಮಿಟ್ ಸಿಗುವವರೆಗೆ ಥ್ರೆಡ್‌ಗಳನ್ನು ಕಾಯಿಸುವ ಸಾಧನ) ಇಡಿ.