ಪರಾಗ ಅಲರ್ಜಿ ಇಂಜೆಕ್ಷನ್: ಐಜಿಇ ಏರಿದರೆ ಚಿಕಿತ್ಸೆ ಫಲಿಸುತ್ತಿಲ್ಲವೇ?

ಪ್ರಶ್ನೆ: ಹುಲ್ಲಿನ ಪರಾಗಕ್ಕೆ ಇಮ್ಯುನೋಥೆರಪಿ (ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪಸ್ವಲ್ಪ ಕೊಟ್ಟು ದೇಹಕ್ಕೆ ಒಗ್ಗಿಸುವ ಚಿಕಿತ್ಸೆ) ಶುರುವಾದ ಕೆಲ ತಿಂಗಳಿಗೆ ರಕ್ತಪರೀಕ್ಷೆಯಲ್ಲಿ ಅದೇ ಪರಾಗದ ವಿರುದ್ಧದ ಐಜಿಇ (ಅಲರ್ಜಿ ಕೆರಳಿಸುವ ಪ್ರತಿಕಾಯ) ಮೊದಲಿಗಿಂತ ಜಾಸ್ತಿ ಬಂದಿದೆ. ಡೋಸ್ ಮುಂದುವರಿಸಬೇಕೇ? ಒಳಗೆ ಏನು ಬದಲಾಗುತ್ತೆ?

ಉತ್ತರ 1: ಮೊದಲ ತಿಂಗಳುಗಳಲ್ಲಿ ಐಜಿಇ ಏರುವುದು ಮಾಮೂಲು, ವರ್ಷ ಕಳೆದಂತೆ ನಿಧಾನಕ್ಕೆ ಇಳಿಯುತ್ತೆ. ಅಸಲಿ ಬದಲಾವಣೆ ಬೇರೆ ಕಡೆ ನಡೆಯುತ್ತೆ. ರೋಗನಿರೋಧಕ ಪ್ರತಿಕ್ರಿಯೆಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳು ಹೆಚ್ಚಿ ಐಎಲ್-10 ಎಂಬ ಶಮನ ಮಾಡುವ ಸಂಕೇತ ಪ್ರೋಟೀನ್ ಬಿಡುಗಡೆ ಮಾಡುತ್ತವೆ. ಅಲರ್ಜಿ ಕೆರಳಿಸುವ ಟಿಎಚ್2 ಕೋಶಗಳು ತಣ್ಣಗಾಗುತ್ತವೆ, ಪ್ರತಿಕಾಯ ಹುಟ್ಟಿಸುವ ಬಿ ಕೋಶಗಳು ಐಜಿಜಿ4 ಎಂಬ ಇನ್ನೊಂದು ಬಗೆಯ ಪ್ರತಿಕಾಯ ತಯಾರಿಸತೊಡಗುತ್ತವೆ. ಅಲರ್ಜಿಯ ರಾಸಾಯನಿಕ ಹೊರಬಿಡುವ ಮಾಸ್ಟ್ ಕೋಶದ ಮೇಲೆ ಕೂತ ಐಜಿಇಗೆ ಪರಾಗದ ಪ್ರೋಟೀನ್ ಅಂಟುವ ಮೊದಲೇ ಈ ಐಜಿಜಿ4 ಅದನ್ನು ಹಿಡಿದುಬಿಡುತ್ತೆ. ಹಾಗಾಗಿ ಸೀನು, ತುರಿಕೆ ತರುವ ಹಿಸ್ಟಮಿನ್ ಕಡಿಮೆ ಹೊರಬೀಳುತ್ತೆ.

ಉತ್ತರ 2: ಐಜಿಜಿ4 ಏರಿತೆಂದೂ ಗೆದ್ದೆವು ಅನ್ನಬೇಡಿ, ಅದು ಏರಿಯೂ ಲಕ್ಷಣ ತಗ್ಗದವರಿದ್ದಾರೆ. ಪರಾಗದ ಋತುವಿನಲ್ಲಿ ಸೀನು, ಮೂಗುಕಟ್ಟು, ಕಣ್ಣುತುರಿಕೆಗೆ ದಿನಾ 0ರಿಂದ 3 ಅಂಕ (0 ಅಂದರೆ ಇಲ್ಲ, 3 ಅಂದರೆ ತೀವ್ರ) ಬರೆದಿಡಿ, ಪಕ್ಕದಲ್ಲೇ ನುಂಗಿದ ಮಾತ್ರೆಗಳನ್ನೂ. ಹಿಂದಿನ ಋತುವಿನ ಜೊತೆ ಹೋಲಿಸಿ. ದಯವಿಟ್ಟು 3 ವರ್ಷ ಪೂರ್ತಿ ಮಾಡಿ, ಬೇಗ ಬಿಟ್ಟರೆ ಲಾಭ ಉಳಿಯುವುದು ಕಷ್ಟ.

ಉತ್ತರ 3: ಇನ್ನೊಂದು ಮಾತು. ಪ್ರತಿ ಇಂಜೆಕ್ಷನ್ ಆದಮೇಲೆ ಕ್ಲಿನಿಕ್‌ನಲ್ಲೇ 30 ನಿಮಿಷ ಕೂರಿ. ಉಬ್ಬಸ ಹತೋಟಿಯಲ್ಲಿಲ್ಲದ ದಿನ ಚುಚ್ಚಿಸಿಕೊಳ್ಳಲೇಬೇಡಿ, ತೀವ್ರ ಪ್ರತಿಕ್ರಿಯೆಗೆ ಅದೇ ದೊಡ್ಡ ಕಾರಣ. ವಾರಗಟ್ಟಲೆ ಡೋಸ್ ತಪ್ಪಿದ್ದರೆ ಮೊದಲೇ ಹೇಳಿ, ಪ್ರಮಾಣ ಇಳಿಸಿ ಮತ್ತೆ ಏರಿಸಬೇಕಾಗುತ್ತೆ.